ಅವ್ವ ನಿಂತ ಗೋಡೆ

ಬಂಗಲೆ ಬದಲಾಯಿತು, ಬದಲಾಯಿತು ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ. ಹೇಳುವವರಲ್ಲಿ ಯಾರ ಮಂಡಿಯೂ ಅದರ ನೆಲ ಉಜ್ಜಿ ಸವೆದಿಲ್ಲ.

ಮೊದಲು ಅದು ಒಬ್ಬ ದಣಿಯ ಮನೆ. ಐವತ್ತೆರಡು ಕೋಣೆ, ಹನ್ನೊಂದು ಜನ, ಆ ಹನ್ನೊಂದು ಜನಕ್ಕೆ ಅರವತ್ತು ಆಳು. ದಣಿ ಸತ್ತ ಮೇಲೆ ಮಕ್ಕಳು ನಾಯಿಗಳ ಹಾಗೆ ಕಿತ್ತಾಡಿ ಮಾರಿಕೊಂಡರು. ಕ್ಷಯದ ಆಸ್ಪತ್ರೆ ಆಯಿತು. ಆಮೇಲೆ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆ. ಆಮೇಲೆ ಸರ್ಕಾರದ ಹಳೇ ಕಡತ ಒಟ್ಟುವ ಗೋಡೌನು. ಐದು ವರ್ಷ ಬೀಗ ಬಿದ್ದು ಬಾವಲಿಗಳು ಸಂಸಾರ ಹೂಡಿದವು. ಈಗ ಯಾರೋ ದೊಡ್ಡ ಮನುಷ್ಯರೆಲ್ಲ ಸೇರಿ ಒಂದು ಟ್ರಸ್ಟು ಮಾಡಿಕೊಂಡು ಬಾಗಿಲ ಮೇಲೆ ‘ಎಲ್ಲರ ಮನೆ’ ಅಂತ ಬೋರ್ಡು ಹಾಕಿದ್ದಾರೆ. ಕುದುರೆ ಲಾಯದಲ್ಲಿ ಕಾಫಿ ಅಂಗಡಿ. ದಣಿಯ ಮಲಗುವ ಕೋಣೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವ ಪಾಠ. ಊಟದ ಹಾಲಿನಲ್ಲಿ ಭಾಷಣ, ಹಾಡು, ಪುಸ್ತಕ ಬಿಡುಗಡೆ. ಬಟ್ಟೆ ಒಗೆಯುತ್ತಿದ್ದ ಹಿಂದಿನ ಮನೆಯಲ್ಲಿ ಮಡಕೆ ಮಾಡುವುದನ್ನು ಕಲಿಸುತ್ತಾರೆ. ಕೈ ಮಣ್ಣಾದರೆ ಮನಸ್ಸು ಹಗುರಾಗುತ್ತದಂತೆ. ಆ ಮಣ್ಣನ್ನು ನೆಲದಿಂದ ಕೆರೆದು ತೆಗೆಯುವವಳ ಮನಸ್ಸು ಏನಾಗುತ್ತದೆ ಅಂತ ಯಾರೂ ಕೇಳಿಲ್ಲ.

ಬಂಗಲೆ ಇಷ್ಟು ಸಲ ವೇಷ ಹಾಕಿತು. ನೆಲ ಉಜ್ಜುವ ಕೈ ಮಾತ್ರ ಒಂದೇ ಮನೆಯದು. ದಣಿಯ ಕಾಲಕ್ಕೆ ಅಜ್ಜಿ, ಅಜ್ಜಿಯ ಹಿಂದೆ ಅವ್ವ. ಆಸ್ಪತ್ರೆಗೆ ಅವ್ವ. ಶಾಲೆಗೆ ಅವ್ವನೂ ಮಗಳೂ. ಗೋಡೌನಿಗೆ ಮಗಳೊಬ್ಬಳೇ. ಬಾವಲಿ ಹಿಕ್ಕೆ ಬಳಿದವಳೂ ಅವಳೇ, ಈಗ ಎಲ್ಲರ ಮನೆ ಬಳಿಯುವವಳೂ ಅವಳೇ. ಬೆಳಗ್ಗೆ ಆರಕ್ಕೆ ಬಂದವರಿಗೆ ಮೊದಲು ಬಕೆಟ್ಟು ಕಾಣುತ್ತಿತ್ತು, ಆಮೇಲೆ ಅವಳು ಕಾಣುತ್ತಿದ್ದಳು. ಹಾಗಾಗಿ ಹೆಸರು ಬಕೆಟ್ಟಕ್ಕ. ವಯಸ್ಸು ಐವತ್ತೆರಡು. ಗಂಡ ಅನ್ನುವ ಪ್ರಾಣಿ ಒಂದಿತ್ತು, ಹೋಯಿತು, ಪೀಡೆ ತೊಲಗಿತು.

ನೆಲದ ಜೊತೆಗೆ ಅವ್ವ ಇಸ್ತ್ರಿ ಮನೆಯವಳೂ ಹೌದು. ಒಂಬತ್ತನೇ ವಯಸ್ಸಿಗೆ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಹಿಡಿದವಳು ದಣಿಯ ಮನೆ, ಆಸ್ಪತ್ರೆ ಸೇರಿ ನಲವತ್ತು ವರ್ಷ ಕೆಳಗಿಡಲಿಲ್ಲ. ಈಗ ಎಂಬತ್ತಮೂರು. ಬಲಗೈ ಬೆರಳು ಇವತ್ತಿಗೂ ಇಲ್ಲದ ಹಿಡಿಕೆಯ ಸುತ್ತ ಮಡಚಿಕೊಂಡೇ ಇವೆ. ತುತ್ತು ಎತ್ತಲು ಬರುವುದಿಲ್ಲ, ಮಗಳೇ ತಿನ್ನಿಸಬೇಕು. ತಿನ್ನಿಸುವ ಮಗಳನ್ನೇ ಒಮ್ಮೊಮ್ಮೆ “ಯಾರಮ್ಮ ನೀನು, ಪುಣ್ಯಾತ್ಗಿತ್ತಿ” ಅಂತ ಕೇಳುತ್ತಾಳೆ. ಇಸ್ತ್ರಿ ಮನೆಗೆ ಅಂಟಿಕೊಂಡ ಒಂದೇ ಕೋಣೆಯಲ್ಲಿ ಇಬ್ಬರ ವಾಸ. ಬಕೆಟ್ಟಕ್ಕ ಹುಟ್ಟಿದ್ದೂ ಅದೇ ಕೋಣೆಯಲ್ಲಿ.

ಈಗ ಓಣಿಯ ಸಂಗತಿ ಹೇಳಬೇಕು. ಹೇಳಲು ಬಾಯಿ ಕಹಿಯಾಗುತ್ತದೆ, ಆದರೂ ಹೇಳಬೇಕು.

ಇಸ್ತ್ರಿ ಮನೆಯಿಂದ ಊಟದ ಹಾಲಿಗೆ ಒಂದು ಉದ್ದನೆಯ ಕಾರಿಡಾರಿದೆ. ಕೆಲಸದವರು ಅದನ್ನು ಓಣಿ ಅನ್ನುತ್ತಿದ್ದರು. ಕಿಟಕಿ ಇಲ್ಲ. ಕಲ್ಲು ನೆಲ, ಎರಡೂ ಕಡೆ ಸುಣ್ಣದ ಗೋಡೆ. ದಣಿಯ ಕಾಲದಲ್ಲಿ ಅದಕ್ಕೊಂದು ಕಟ್ಟಳೆ ಇತ್ತು. ದಣಿ ಮನೆಯವರ ಬೂಟಿನ ಸದ್ದು ಕೇಳಿದರೆ ಸಾಕು, ಇಸ್ತ್ರಿ ಮನೆಯ ಹೆಂಗಸರು ಕೈಲಿದ್ದದ್ದನ್ನು ಬಿಟ್ಟು ಓಣಿಗೆ ಓಡಿ ತಮ್ಮ ತಮ್ಮ ಜಾಗದಲ್ಲಿ ಗೋಡೆಗೆ ತಿರುಗಬೇಕು. ಎಲ್ಲರೂ ಕಣ್ಣಳತೆಯಲ್ಲಿರಬೇಕು, ಯಾರ ಮುಖವೂ ಕಾಣಬಾರದು. ಹಣೆ ಗೋಡೆಗೆ ತಾಗಬೇಕು. ಸದ್ದು ದೂರ ಹೋಗುವವರೆಗೆ ಉಸಿರು ಕೇಳಿಸಬಾರದು. ಹಣೆ ತಾಗಿದೆಯೋ ಇಲ್ಲವೋ ಅಂತ ದಣಿಯ ಹೆಂಡತಿ ಛತ್ರಿಯ ತುದಿಯಿಂದ ತಲೆ ತಳ್ಳಿ ನೋಡುತ್ತಿದ್ದಳಂತೆ. ಕೆಲಸದವರ ಮುಖ ಕಂಡರೆ ಆಕೆಗೆ ತಲೆನೋವು ಬರುತ್ತಿತ್ತಂತೆ. ಬಂದು ಸಾಯಬಾರದಿತ್ತಾ!

ಒಂದೇ ಜಾಗ, ದಿನಕ್ಕೆ ಹದಿನೈದು ಇಪ್ಪತ್ತು ಸಲ, ವರ್ಷಗಟ್ಟಲೆ. ಇಸ್ತ್ರಿಯ ಸೆಕೆಯಲ್ಲಿ ಬೆಂದ ತಲೆಗಳು. ಆ ತಲೆಗಳ ಜಿಡ್ಡು, ಬೆವರು ಸುಣ್ಣಕ್ಕೆ ಇಳಿದೂ ಇಳಿದೂ ಗೋಡೆಯ ಮೇಲೆ ಹನ್ನೆರಡು ಕಪ್ಪು ಕಲೆ ಬಿದ್ದವು. ಆಸ್ಪತ್ರೆಯವರು ಬಣ್ಣ ಹೊಡೆದರು, ಶಾಲೆಯವರು ಇನ್ನೊಂದು ಬಣ್ಣ ಹೊಡೆದರು. ಜಿಡ್ಡಿನ ಮೇಲೆ ಬಣ್ಣ ನಿಲ್ಲುತ್ತದಾ? ಅಷ್ಟಷ್ಟೇ ಜಾಗದಲ್ಲಿ ಸಿಪ್ಪೆ ಎದ್ದು ಮತ್ತೆ ಕಲೆ ಇಣುಕುತ್ತಿತ್ತು. ಹನ್ನೆರಡರಲ್ಲಿ ಎರಡು ಅವ್ವನವು. ಒಂದು ಕೆಳಗೆ, ಒಂಬತ್ತು ವರ್ಷದ ಹುಡುಗಿಯದು. ಇನ್ನೊಂದು ಅದರಿಂದ ಒಂದು ಮೊಳ ಮೇಲೆ, ಬೆಳೆದ ಹೆಂಗಸಿನದು.

ಒಮ್ಮೆ ತಿನ್ನಿಸುವಾಗ ಬಕೆಟ್ಟಕ್ಕ ಕೇಳಿದ್ದಳು. “ಅವ್ವಾ, ಗೋಡೆಗೆ ನಿಂತಾಗ ಏನು ಯೋಚನೆ ಮಾಡ್ತಿದ್ದೆ?”

“ಇನ್ನೇನು? ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಬಿಟ್ಟು ಬಂದ್ನಾ ಅಂತ.”

ಒಂದು ಸಲ ಬಿಟ್ಟೇ ಬಂದಿದ್ದಳು. ಬೂಟಿನ ಸದ್ದಾಯಿತು, ಓಡಿದಳು, ತಿರುಗಿದಳು. ವಾಪಸ್ ಬರುವಷ್ಟರಲ್ಲಿ ಮೇಜಿನ ಹೊದಿಕೆ ಸುಟ್ಟು ತೂತಾಗಿತ್ತು. ಅದೇ ಪೆಟ್ಟಿಗೆಯನ್ನು ಅವಳ ಎಡಗೈ ಮೇಲೆ ಇಟ್ಟರು. ಲೆಕ್ಕ ಸರಿಹೋಯಿತು ಅಂದರು. ಆ ಮುಕ್ಕೋಣದ ಗಾಯದ ಗುರುತು ಇನ್ನೂ ಇದೆ. ಆಗ ಅವಳಿಗೆ ಹದಿಮೂರು.

ದಣಿಗಳು ಹೋಗಿ ನಲವತ್ತೈದು ವರ್ಷ ಆದವು. ಅವ್ವನ ತಲೆಯಿಂದ ಒಂದೊಂದಾಗಿ ಎಲ್ಲ ಹೋಯಿತು. ಆ ಸದ್ದೊಂದು ಹೋಗಲಿಲ್ಲ. ಗಟ್ಟಿ ಅಟ್ಟೆಯ ಬೂಟು ಕಲ್ಲಿನ ಮೇಲೆ ಟಕ್ ಟಕ್ ಅಂದರೆ ಸಾಕು, ಮಂಚದಿಂದ ತೆವಳಿ ಇಳಿದು, ಗೋಡೆ ತಡಕಿ, ಹಣೆ ಹಚ್ಚಿ ನಿಲ್ಲುತ್ತಿದ್ದಳು. ಒಮ್ಮೆ ಹಾಗೆ ಇಳಿಯಲು ಹೋಗಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಮೂರು ತಿಂಗಳು ಹಾಸಿಗೆ ಹಿಡಿದಳು. ಅವತ್ತೇ ಬಕೆಟ್ಟಕ್ಕ ಗೋಡೌನಿನಲ್ಲಿ ಉಳಿದಿದ್ದ ಹಳೇ ಗೋಣಿಚೀಲ ಬಿಚ್ಚಿ ಹೊಲಿದು ಕೋಣೆಯ ಮುಂದಿನ ಕಲ್ಲುಹಾದಿಗೆಲ್ಲ ಹಾಸಿದಳು. ತೋಟ ನೋಡಿಕೊಳ್ಳುವ ಮಾಲಿ ಇಪ್ಪತ್ತು ಹೆಜ್ಜೆ ಆಚೆಯೇ ಬೂಟು ಕಳಚಿ ಕೈಯಲ್ಲಿ ಹಿಡಿದು ಬರುತ್ತಿದ್ದ. ಅವನ ಅಜ್ಜಿಯೂ ಅದೇ ಓಣಿಯಲ್ಲಿ ನಿಂತವಳು. ಒಂದು ವರ್ಷ ಎರಡು ತಿಂಗಳಿಂದ ಅವ್ವ ಗೋಡೆಗೆ ತಿರುಗಿರಲಿಲ್ಲ. ಸಾಯುವವರೆಗೂ ತಿರುಗಬಾರದು. ದೇವರು ಎದುರಿಗೆ ಬಂದು ಏನು ಬೇಕು ಅಂದರೂ ಬಕೆಟ್ಟಕ್ಕ ಇದೊಂದನ್ನೇ ಕೇಳುತ್ತಿದ್ದಳು.

ಇಂಥವಳು ತಾನೇ ಬಾಯಿ ಬಿಟ್ಟು ಕೆಟ್ಟಳು.

ಓಣಿಗೆ ಹೊಸ ಬಣ್ಣ ಹೊಡೆಯಲು ಪೇಂಟರುಗಳು ಬಂದಿದ್ದರು. ತಗಡಿನ ಪಟ್ಟಿ ಹಿಡಿದು ಗೋಡೆ ಕೆರೆಯುತ್ತಿದ್ದರು. ಒಬ್ಬ ಇನ್ನೇನು ಕೆಳಗಿನ ಕಲೆಗೆ ಪಟ್ಟಿ ಹಚ್ಚಬೇಕು, ಬಕೆಟ್ಟಕ್ಕ ಒದ್ದೆ ಬಟ್ಟೆ ಹಿಡಿದುಕೊಂಡೇ ಓಡಿದಳು. “ಅಯ್ಯೋ, ಅದನ್ನ ಕೆರೀಬೇಡಪ್ಪಾ! ಅದು ನಮ್ಮವ್ವನ ಹಣೆ!”

ಪೇಂಟರ್ ನಕ್ಕ. ಹಿಂದೆ ನಿಂತಿದ್ದ ಮೇಡಂ ನಗಲಿಲ್ಲ.

ಮೇಡಂ ಅಂದರೆ ಎಲ್ಲರ ಮನೆಯಲ್ಲಿ ಪ್ರದರ್ಶನ ಏರ್ಪಡಿಸುವವಳು. ಹಳೆಯದನ್ನು ಕಂಡರೆ ಕಣ್ಣಲ್ಲಿ ನೀರು ತುಂಬಿಕೊಳ್ಳುವ ಹೆಂಗಸು. ಹಳೇ ಬೀಗ, ಹಳೇ ದೀಪ, ಗೆದ್ದಲು ತಿಂದ ಕುರ್ಚಿ, ಎಲ್ಲದರ ಮುಂದೆ ಒಂದು ನಿಟ್ಟುಸಿರು ಬಿಡುತ್ತಿದ್ದಳು. ಹಳೇ ಮನುಷ್ಯರಿಗೆ ಅವಳ ಹತ್ತಿರ ನಿಟ್ಟುಸಿರು ಉಳಿದಿರಲಿಲ್ಲ.

“ಏನಮ್ಮಾ ಅಂದೆ? ಯಾರ ಹಣೆ?”

ಬಕೆಟ್ಟಕ್ಕ ಹೇಳಿದಳು. ಕೇಳುವವರೇ ಇಲ್ಲದ ಕಥೆ, ಒಬ್ಬರು ಕಿವಿ ಕೊಟ್ಟರೆ ನಿಲ್ಲುತ್ತದಾ? ಛತ್ರಿ, ಇಸ್ತ್ರಿಪೆಟ್ಟಿಗೆ, ಹನ್ನೆರಡು ಜಾಗ, ಎಲ್ಲ ಹೇಳಿದಳು. ಹೇಳುತ್ತ ಅತ್ತಳು ಕೂಡ. ಮೇಡಂ ಕೆಳಗಿನ ಕಲೆ, ಮೇಲಿನ ಕಲೆ ಎರಡಕ್ಕೂ ಬೆರಳು ಹಿಡಿದು ಅಳತೆ ನೋಡಿದಳು.

“ಅಂದ್ರೆ ಮಗು ಎಷ್ಟೆತ್ತರ ಬೆಳೀತು ಅಂತ ಗೋಡೆಯೇ ಹೇಳುತ್ತೆ! ಎಷ್ಟು ಮುದ್ದಾಗಿದೆ ಅಲ್ವಾ?” ಅಂದಳು. ಆಮೇಲೆ ಕೇಳಿದಳು, “ನಿಮ್ಮಮ್ಮ ಬದುಕಿದ್ದಾರಾ?”

“ಇದ್ದಾಳೆ.”

“ದೇವರೇ!” ಅಂದಳು ಮೇಡಂ, ಎದೆ ಮೇಲೆ ಕೈಯಿಟ್ಟು.

ನಾಲಿಗೆ ಒಳ್ಳೇದಿದ್ರೆ ನಾಡೆಲ್ಲ ಒಳ್ಳೇದು ಅಂತಾರೆ. ನಾಲಿಗೆ ಒಳ್ಳೆಯದೇ ಇತ್ತು, ಕಿವಿ ಕೊಟ್ಟವಳು ಸರಿ ಇರಲಿಲ್ಲ. ಮರುದಿನ ಮಧ್ಯಾಹ್ನ, ಬಕೆಟ್ಟಕ್ಕ ಮೇಲಿನ ಅಂತಸ್ತಿನಲ್ಲಿದ್ದಾಗ, ಮೇಡಂ ಕೇಳದೆ ಹೇಳದೆ ಕೋಣೆಗೆ ಹೋದಳು. ಎತ್ತರದ ಹಿಮ್ಮಡಿಯ ಚಪ್ಪಲಿ. ಗೋಣಿ ಕೊಳಕು ಅಂತ ಅದು ಮುಚ್ಚದ ಅಂಚಿನ ಕಲ್ಲಿನ ಮೇಲೆ ಕಾಲಿಟ್ಟು ನಡೆದಳು. ಬಕೆಟ್ಟಕ್ಕ ಇಳಿದು ಬರುವಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತು ಚಪ್ಪಲಿಯಿಂದ ನೆಲ ಕುಟ್ಟುತ್ತಿದ್ದಳು. ಒಮ್ಮೆ ಕುಟ್ಟುವುದು, ನೋಡುವುದು. ಮತ್ತೆ ಕುಟ್ಟುವುದು, ನೋಡುವುದು. ಅವ್ವ ಮಂಚದ ಪಕ್ಕದ ಗೋಡೆಗೆ ಹಣೆ ಹಚ್ಚಿ ಬೆವರುತ್ತಿದ್ದಳು.

“ಏನ್ ಮಾಡ್ತಿದ್ದೀರಿ?” ಬಕೆಟ್ಟಕ್ಕ ಕೂಗಿದಳು.

“ಶ್... ದೇಹಕ್ಕೆ ಇನ್ನೂ ನೆನಪಿದೆ,” ಅಂದಳು ಮೇಡಂ. ಅವಳ ಕಣ್ಣು ಫಳಫಳ ಹೊಳೆಯುತ್ತಿತ್ತು.

ಒಂದು ವರ್ಷ ಎರಡು ತಿಂಗಳು ಮಣ್ಣುಪಾಲಾಯಿತು. ಬಕೆಟ್ಟಕ್ಕ ಅವ್ವನನ್ನು ಮಂಚಕ್ಕೆ ಹತ್ತಿಸಿ ಹಣೆ ಒರೆಸಿದಳು.

ವಾರದೊಳಗೆ ಓಣಿಗೆ ‘ಶ್ರಮದ ಗೋಡೆ’ ಅಂತ ಹೆಸರಾಯಿತು. ಉದ್ಘಾಟನೆಯ ದಿನ ಗೊತ್ತಾಯಿತು. ಮ್ಯಾನೇಜರ್ ಬಕೆಟ್ಟಕ್ಕನನ್ನು ಆಫೀಸಿಗೆ ಕರೆದ. ಟ್ರಸ್ಟಿನವರ ಬಾಯಿ, ಕಣ್ಣು, ಬೆತ್ತ ಎಲ್ಲ ಅವನೇ.

“ನಿಮ್ಮವ್ವ ಅವತ್ತು ಓಣಿಗೆ ಬರ್ಬೇಕು.”

“ಬರಲ್ಲ ಸಾರ್.”

“ಅಲ್ಲಿ ನಿಂತವರಲ್ಲಿ ಬದುಕಿರೋದು ಅವಳೊಬ್ಬಳೇ. ಗೌರವ ಮಾಡ್ತಾರೆ ಕಣೇ, ಗೌರವ.”

“ಗೌರವ ಬೇಡ ಸಾರ್. ಅವಳ ಪಾಡಿಗೆ ಅವಳನ್ನ ಬಿಟ್ರೆ ಅದೇ ಗೌರವ.”

ಮ್ಯಾನೇಜರ್ ಮೇಜಿನ ಮೇಲೊಂದು ನಕ್ಷೆ ಬಿಡಿಸಿದ. ಮಡಕೆ ಸುಡುವ ಗೂಡಿಗೆ ಜಾಗ ಬೇಕಾಗಿದೆ ಅಂದ. ಬೆರಳಿಟ್ಟ. ಬೆರಳಿನ ಕೆಳಗೆ ಅವರ ಕೋಣೆ ಇತ್ತು. “ಅವತ್ತು ಬಂದ್ರೆ ಗೂಡು ಬೇರೆ ಕಡೆ. ಬರದಿದ್ರೆ ಮಾರನೇ ದಿನ ನಿಮ್ಮ ಮಂಚ ಗೇಟಿನ ಆಚೆ. ಎಂಬತ್ತು ದಾಟಿದ ಮುದುಕೀನ ಎಲ್ಲಿಗೆ ಹೊತ್ಕೊಂಡು ಹೋಗ್ತೀಯ, ನೀನೇ ಯೋಚನೆ ಮಾಡು.”

ಬಕೆಟ್ಟಕ್ಕ ಯೋಚನೆ ಮಾಡಿದಳು. ಬಡವರ ಯೋಚನೆಗೆ ಎಷ್ಟು ಹೊತ್ತು ಬೇಕು? ಇರುವ ದಾರಿ ಒಂದೋ ಎರಡೋ. ಮೇಡಂ ಹತ್ತಿರ ಹೋದಳು. “ಕುರ್ಚಿ ಹಾಕಿ ಕೂರಿಸ್ತೀನಿ ಅಂದ್ರೆ ಕರ್ಕೊಂಡು ಬರ್ತೀನಿ. ಗೋಡೆಗೆ ನಿಲ್ಲು ಅಂತ ಯಾರೂ ಹೇಳಬಾರದು. ಮಾತು ಕೊಡಿ.”

ಮೇಡಂ ಅವಳ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. “ಖಂಡಿತ. ನಿಲ್ಲು ಅಂತ ಯಾರೂ ಒಂದು ಮಾತು ಹೇಳಲ್ಲ. ನನ್ನಾಣೆ.” ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು. ಆ ಬಚ್ಚಲನ್ನು ಬಕೆಟ್ಟಕ್ಕ ಆಗಷ್ಟೇ ಒರೆಸಿದ್ದಳು.

ಉದ್ಘಾಟನೆಯ ಹಿಂದಿನ ದಿನ ಬಕೆಟ್ಟಕ್ಕನಿಗೆ ಒಂದು ಕೆಲಸ ಹೇಳಿದರು. ಓಣಿಗೆ ಹಾಸಿದ್ದ ನಾರಿನ ಚಾಪೆಯನ್ನೆಲ್ಲ ಸುತ್ತಿ ತೆಗೆದುಹಾಕಬೇಕು, ಕಲ್ಲು ಕನ್ನಡಿಯಾಗಬೇಕು. ಸೋಡಾ ಪುಡಿ ಎರಚಿ ತಂತಿ ಬ್ರಷ್ಷಿನಲ್ಲಿ ಉಜ್ಜಿದಳು. ಓಣಿ ಎಪ್ಪತ್ತು ಹೆಜ್ಜೆ ಉದ್ದ. ಮಂಡಿ ಊರಿ ಉಜ್ಜುವುದು, ಹಿಂದಕ್ಕೆ ಸರಿಯುವುದು, ಮತ್ತೆ ಉಜ್ಜುವುದು. ಸೋಡಾ ಉಗುರಿನ ಸಂದಿಗೆ ಇಳಿದು ಉರಿಯಿತು. ಮಂಡಿಯ ಚರ್ಮ ಸುಲಿದು ಬಟ್ಟೆಗೆ ಅಂಟಿಕೊಂಡಿತು. ಸಂಜೆಯ ಹೊತ್ತಿಗೆ ಕಲ್ಲು ನಿಜವಾಗಿಯೂ ಹೊಳೆಯಿತು. ಕಲೆಗಳ ಮೇಲೆ ಗಾಜು ಕೂರಿಸಲು ಬಂದ ಬಡಗಿಯನ್ನು ಮೇಡಂ ವಾಪಸ್ ಕಳಿಸಿದಳು. ಗಾಜು ಫೋಟೋದಲ್ಲಿ ಹೊಳೆಯುತ್ತದಂತೆ, ಕಾರ್ಯಕ್ರಮ ಮುಗಿದ ಮೇಲೆ ಕೂರಿಸಿದರಾಯಿತಂತೆ.

ಚಾಪೆ ಯಾಕೆ ತೆಗೆಸಿದರು ಅಂತ ಬಕೆಟ್ಟಕ್ಕನಿಗೆ ಹೊಳೆಯಲಿಲ್ಲ. ದೊಡ್ಡವರು ಬರುತ್ತಾರೆ, ಶುಚಿಯಾಗಿರಲಿ ಅಂತ ಇರಬೇಕು ಅಂದುಕೊಂಡಳು.

ಮರುದಿನ ಅವ್ವನಿಗೆ ತಲೆ ಬಾಚಿ, ಒಗೆದ ಬಟ್ಟೆ ಉಡಿಸಿ, ಬರಿಗಾಲಲ್ಲಿ ಮೆಲ್ಲಗೆ ನಡೆಸಿಕೊಂಡು ಬಂದಳು. ಕುರ್ಚಿ ಇತ್ತು. ಮೇಡಂ ಮಾತಿಗೆ ತಪ್ಪಿರಲಿಲ್ಲ. ಆದರೆ ಕುರ್ಚಿ ಇದ್ದದ್ದು ಸರಿಯಾಗಿ ಆ ಎರಡು ಕಲೆಗಳ ಪಕ್ಕದಲ್ಲಿ. ಅವ್ವನ ಕೈಗೆ ಒಂದು ಹೂಗುಚ್ಛ ಕೊಟ್ಟರು. ಮಡಚಿದ ಬೆರಳಲ್ಲಿ ಅದು ನಿಲ್ಲಲಿಲ್ಲ, ತೊಡೆ ಮೇಲೆ ಇಟ್ಟರು. “ಯಾರದ್ದು ಮದುವೆ?” ಅಂತ ಅವ್ವ ಮಗಳನ್ನು ಕೇಳಿದಳು. ಸುತ್ತಲಿದ್ದವರು ನಕ್ಕರು. ಮುದುಕಿಗೂ ಖುಷಿಯಾಗಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

“ನೀನು ಆ ಕಡೆ ನಿಂತ್ಕೋ,” ಅಂತ ಮ್ಯಾನೇಜರ್ ಬಕೆಟ್ಟಕ್ಕನನ್ನು ಇಸ್ತ್ರಿ ಮನೆಯ ಬದಿಗೆ ಅಟ್ಟಿದ. “ಯಾರಾದ್ರೂ ಕಾಫಿ ಚೆಲ್ಲಿದ್ರೆ ಒರೆಸೋಕೆ ರೆಡಿ ಇರು.” ಬಕೆಟ್ಟು, ಬ್ರಷ್ಷು, ಸೋಡಾ ಡಬ್ಬಿ ಹಿಡಿದು ಅವಳು ಕ್ಯಾಮೆರಾಗಳ ಹತ್ತಿರ ನಿಂತಳು. ಮಾಲಿಯೂ ಅಲ್ಲೇ ಹೂಕುಂಡ ಹಿಡಿದು ನಿಂತಿದ್ದ. ಹಾಲಿನ ಬದಿಯಲ್ಲಿ ನೂರು ಜನ ಕತ್ತು ಉದ್ದ ಮಾಡಿಕೊಂಡು ನಿಂತಿದ್ದರು. ಮೇಡಂ ಮೈಕು ಹಿಡಿದು ಮಾತಾಡಿದಳು. ನೋವು ಅಂದಳು, ಮೌನ ಅಂದಳು, ಗೋಡೆಗೂ ಕಿವಿ ಇದೆ ಅಂದಳು. ಮಾತು ಮುಗಿಸಿ ಮೈಕು ಇಳಿಸಿ ಒಮ್ಮೆ ತಲೆ ಆಡಿಸಿದಳು.

ಹಾಲಿನ ಕಡೆಯಿಂದ ಮುಖ್ಯ ಅತಿಥಿ ಓಣಿಗೆ ಕಾಲಿಟ್ಟ. ಆರಡಿ ಆಳು. ಕರೀ ಬೂಟು. ಬರಿಯ ಕಲ್ಲಿನ ಮೇಲೆ ಟಕ್. ಟಕ್. ಟಕ್.

ಆಗ ಬಕೆಟ್ಟಕ್ಕನಿಗೆ ಚಾಪೆ ಯಾಕೆ ತೆಗೆಸಿದರು ಅಂತ ಗೊತ್ತಾಯಿತು.

ಅವ್ವನ ನಗು ಹೋಯಿತು. ಹೂವು ನೆಲಕ್ಕೆ ಬಿತ್ತು. ಕುರ್ಚಿಯ ಕೈ ಹಿಡಿದು ಎದ್ದಳು, ಮಂಡಿ ಲಟಕ್ಕೆಂದಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ತಿರುಗಿದಳು. ಕುಗ್ಗಿಹೋದ ಮೈ, ಹಣೆ ಮೇಲಿನ ಕಲೆಗೆ ಎಟುಕಲಿಲ್ಲ, ಕೆಳಗಿನದಕ್ಕೂ ಹೊಂದಲಿಲ್ಲ, ಎರಡರ ನಡುವೆ ಹೋಗಿ ಅಂಟಿತು. ಕ್ಯಾಮೆರಾಗಳು ಪಟಪಟ ಅಂದವು.

“ಯಾರೂ ಹೇಳಿಲ್ಲ ನೋಡಿ,” ಮೇಡಂ ಮೈಕಿನಲ್ಲಿ ಪಿಸುಗುಟ್ಟಿದಳು. “ತಾನಾಗಿಯೇ.”

“ಅಯ್ಯೋ ಪಾಪ, ಎಷ್ಟು ಸಹಜವಾಗಿ ಮಾಡ್ತಾರೆ!” ಅಂತ ಒಬ್ಬಳು ಕಣ್ಣೊರೆಸಿಕೊಂಡಳು.

ಬಕೆಟ್ಟಕ್ಕ ಮುಂದೆ ನುಗ್ಗಿದಳು. ಮ್ಯಾನೇಜರ್ ರಟ್ಟೆ ಹಿಡಿದ. “ಕೋಣೆ ಬೇಕಾ, ಬೇಡ್ವಾ?” ಅಂದ ಹಲ್ಲು ಕಚ್ಚಿ. ಅವಳು ನಿಂತಳು. ನಿಂತಳು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಮಂಚ, ಗೇಟು, ರಸ್ತೆ ಎಲ್ಲ ಕಣ್ಣ ಮುಂದೆ ಬಂದವು, ಕಾಲು ಅಲ್ಲೇ ನಿಂತಿತು.

ಫೋಟೋದವನೊಬ್ಬ ಬೆಳಕು ಸಾಲಲಿಲ್ಲ ಅಂದ. ಮೇಡಂ ಅವ್ವನನ್ನು ಮೆತ್ತಗೆ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು, ಹೂವು ತೊಡೆ ಮೇಲಿಟ್ಟಳು. ಮುಖ್ಯ ಅತಿಥಿ ಹಿಂದಕ್ಕೆ ಹೋಗಿ ಮತ್ತೆ ಬಂದ. ಟಕ್. ಟಕ್. ಮತ್ತೆ ಎದ್ದಳು. ಮತ್ತೆ ತಿರುಗಿದಳು. ಈ ಸಲ ಹಣೆ ಗೋಡೆಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

“ಇನ್ನೊಂದೇ ಒಂದು ಸಲ,” ಅಂದ ಫೋಟೋದವನು. “ಆ ಕಡೆಯಿಂದ.”

ಮೂರನೇ ಸಲ ಅವ್ವನಿಗೆ ಏಳಲು ಆಗಲಿಲ್ಲ. ಬೂಟು ಹತ್ತಿರ ಬರುತ್ತಿತ್ತು, ಅವಳು ಕುರ್ಚಿಯಲ್ಲೇ ಒದ್ದಾಡುತ್ತಿದ್ದಳು. ತಡವಾದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಹೇಗೋ ಜಾರಿ ಇಳಿದು, ಮಂಡಿಯಲ್ಲೇ ತೆವಳಿ, ಗೋಡೆ ಹಿಡಿದು ಎದ್ದು ನಿಂತಳು. ಕಾಲಿನಗುಂಟ ಉಚ್ಚೆ ಇಳಿದು ಹೊಳೆಯುವ ಕಲ್ಲಿನ ಮೇಲೆ ಹರಿಯಿತು.

“ಒರ್ಸು, ಒರ್ಸು, ಬೇಗ,” ಅಂತ ಮ್ಯಾನೇಜರ್ ಬಕೆಟ್ಟಕ್ಕನ ಬೆನ್ನಿಗೆ ತಿವಿದ.

ಅವಳು ಹೋದಳು. ಒರೆಸಲಿಲ್ಲ. ಅವ್ವನ ಎರಡೂ ಭುಜ ಹಿಡಿದಳು. “ಅವ್ವಾ, ನಾನು. ಇಲ್ಲಿ ನೋಡು. ದಣಿ ಯಾರೂ ಇಲ್ಲ. ಸತ್ತು ಮಣ್ಣಾಗಿದಾರೆ. ತಿರುಗವ್ವಾ.” ಅಂದು ಆ ಮುದಿ ಮೈಯನ್ನು ಜನರ ಕಡೆಗೆ ತಿರುಗಿಸಿದಳು.

ಅವ್ವ ಬೂಟು ನೋಡಿದಳು. ನೂರು ಮುಖ ನೋಡಿದಳು. ನೂರು ಮುಖವೂ ತನ್ನ ಮುಖ ನೋಡುತ್ತಿರುವುದನ್ನು ನೋಡಿದಳು. ಚೀರಿದಳು. ಆಮೇಲೆ ಎದುರಿಗಿದ್ದ ಮಗಳನ್ನು ನೋಡಿದಳು. ಆ ಗಳಿಗೆಯಲ್ಲಿ ಗುರುತು ಸಿಕ್ಕಿತು, ಹಾಳಾದ್ದು, ಆಗಲೇ ಸಿಕ್ಕಬೇಕಿತ್ತು!

“ತಿರುಗೇ ಮುಂಡೇದೇ! ನೋಡ್ತಾರೆ! ಕೈ ಸುಡ್ತಾರೆ ಕಣೇ ನಿನ್ನ!”

ಆ ಒಣಗಿದ ಕೈಯಲ್ಲಿ ಎಲ್ಲಿತ್ತೋ ಬಲ. ಮಗಳ ಕತ್ತು ಹಿಡಿದು ಗೋಡೆಗೆ ಒತ್ತಿದಳು. ಬಕೆಟ್ಟಕ್ಕ ಆರು ವರ್ಷದವಳಿದ್ದಾಗಲೂ ಹೀಗೇ ಒತ್ತಿದ್ದಳು, ಆಗಲೂ ಪ್ರೀತಿಗೇ. ಮೂಗು ಗೋಡೆಗೆ ಜಜ್ಜಿ ರಕ್ತ ಬಂತು. ಅವ್ವ ತನ್ನ ಹಣೆಯನ್ನೂ ಪಕ್ಕದಲ್ಲೇ ಒತ್ತಿಕೊಂಡು, “ಉಸಿರು ಬಿಡಬೇಡ, ಹೋಗ್ತಾರೆ, ಈಗ ಹೋಗ್ತಾರೆ” ಅಂತ ಪಿಸುಗುಟ್ಟುತ್ತಿದ್ದಳು.

ಹಿಂದೆ ಚಪ್ಪಾಳೆ ಶುರುವಾಯಿತು. ಇದೂ ಕಾರ್ಯಕ್ರಮದಲ್ಲಿ ಸೇರಿದೆ ಅಂದುಕೊಂಡಿದ್ದರು. ತಾಯಿ, ಮಗಳು, ಎರಡು ತಲೆಮಾರು. ಮುಖ್ಯ ಅತಿಥಿಯೂ ತಟ್ಟಿದ.

ಮೇಡಂ ಮಾತ್ರ ಓಡಿ ಬಂದಳು. ಬಂದವಳು ಗೋಡೆ ನೋಡಿದಳು. “ಅಯ್ಯೋ, ರಕ್ತ ತಾಗಿಸ್ಬೇಡ! ದೂರ ನಿಂತ್ಕೋ! ಕಲೆ ಹಾಳಾಗುತ್ತೆ!”

ಅಷ್ಟೇ. ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

ಬಕೆಟ್ಟಕ್ಕ ಕತ್ತಿನಿಂದ ಅವ್ವನ ಕೈ ಬಿಡಿಸಿ ಅವಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು. ಮೂಗು ಒರೆಸಿಕೊಂಡಳು. ಹೋಗಿ ಬಕೆಟ್ಟು ತಂದು ಗೋಡೆಯ ಬುಡದಲ್ಲಿ ಇಟ್ಟಳು. ಸೋಡಾ ಡಬ್ಬಿಯನ್ನು ಪೂರ್ತಿ ಸುರಿದಳು. ತಂತಿ ಬ್ರಷ್ಷು ಅದ್ದಿದಳು. ಮೊದಲು ಕೆಳಗಿನ ಕಲೆ, ಒಂಬತ್ತು ವರ್ಷದ ಹುಡುಗಿಯದು. ಎರಡೂ ಕೈಯಲ್ಲಿ ಬ್ರಷ್ಷು ಹಿಡಿದು ಮೈಭಾರ ಹಾಕಿ ಉಜ್ಜಿದಳು. ಕಂದು ನೀರು ಇಳಿಯಿತು. ಸುಣ್ಣ ಹೆಕ್ಕಳೆ ಹೆಕ್ಕಳೆಯಾಗಿ ಉದುರಿತು. ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು. ಮೇಲಿನ ಕಲೆಗೆ ಹೋದಳು. ರಕ್ತ ಒರೆಸುತ್ತಿದ್ದಾಳೆ ಅಂದುಕೊಂಡಿದ್ದ ಮೇಡಂ ಆಗ ಕಿರುಚಿದಳು, ಚಪ್ಪಾಳೆ ನಿಂತಿತು.

“ನಿಲ್ಸೇ! ಹುಚ್ಚಿ! ಅದಕ್ಕೆ ಬೆಲೆ ಕಟ್ಟೋಕಾಗಲ್ಲ! ಅದು ನಮ್ಮೆಲ್ಲರದು!”

“ನಿಮ್ಮದೆಲ್ಲಿಂದ ಬಂತು?” ಬಕೆಟ್ಟಕ್ಕ ಕೈ ನಿಲ್ಲಿಸದೆ ಕೇಳಿದಳು. “ನಿಮ್ಮ ತಾಯಿ ಹಣೆ ತೋರ್ಸಿ, ಇದರಲ್ಲಿ ಯಾವುದು?”

“ಹಿಡ್ಕೊಳೋ ಅವಳನ್ನ!” ಮ್ಯಾನೇಜರ್ ಮಾಲಿಗೆ ಕೂಗಿದ. ಮಾಲಿ ಹೂಕುಂಡ ಕೆಳಗಿಟ್ಟ. ಒಂದು ಹೆಜ್ಜೆಯೂ ಮುಂದೆ ಇಡಲಿಲ್ಲ. ಬೇರೆ ಏನೂ ಮಾಡಲಿಲ್ಲ ಅವನು. ಅವನಿಗೂ ಹೊರೆಯಲು ನಾಲ್ಕು ಹೊಟ್ಟೆ ಇದ್ದವು.

ಮೇಲಿನದೂ ಹೋಯಿತು. ಕೆಂಪು ಇಟ್ಟಿಗೆ ಕಾಣುವವರೆಗೆ ಉಜ್ಜಿ ಅವಳು ಬ್ರಷ್ಷು ಕೆಳಗಿಟ್ಟಳು. “ಇವೆರಡು ನಮ್ಮವ್ವನವು, ನಾನು ತೊಳ್ಕೊಂಡೆ. ಮಿಕ್ಕ ಹತ್ತನ್ನ ಅವರವರ ಮಕ್ಕಳನ್ನ ಕೇಳಿ ಇಟ್ಕೊಳ್ಳಿ.”

“ಕೋಣೆ ಖಾಲಿ ಮಾಡು,” ಅಂದ ಮ್ಯಾನೇಜರ್. “ಇವತ್ತೇ.”

“ಇವತ್ತ್ಯಾಕೆ, ಈಗಲೇ.”

ಅವ್ವ ಇನ್ನೂ ಗೋಡೆಗೇ ನಿಂತಿದ್ದಳು. ಬಕೆಟ್ಟಕ್ಕ ಅವಳನ್ನು ಗೋಡೆಯಿಂದ ಬಿಡಿಸಿ, ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಎಳೆದು ಕತ್ತಿಗೆ ಹಾಕಿಕೊಂಡು, ಬೆನ್ನ ಮೇಲೆ ಹೊತ್ತು ಎದ್ದಳು. ಸುಲಿದ ಮಂಡಿ ಮತ್ತೆ ಬಿರಿಯಿತು. ಅವ್ವನ ಒದ್ದೆ ಬಟ್ಟೆ ಬೆನ್ನಿಗೆ ತಣ್ಣಗೆ ಹತ್ತಿತು. ಹಿಂದಕ್ಕೆ ಹೋಗಲು ಕ್ಯಾಮೆರಾದವರ ಸ್ಟ್ಯಾಂಡು ಅಡ್ಡ ಇದ್ದವು. ಮುಂದೆ ಊಟದ ಹಾಲು, ಅದರಾಚೆ ದೊಡ್ಡ ಬಾಗಿಲು. ಎಪ್ಪತ್ತನಾಲ್ಕು ವರ್ಷ ಈ ಬಂಗಲೆಯಲ್ಲೇ ಸವೆದ ಅವ್ವ ಆ ಬಾಗಿಲಿಂದ ಒಂದು ಸಲವೂ ಹೋದವಳಲ್ಲ. ಮಗಳು ಮುಂದಕ್ಕೇ ನಡೆದಳು.

ಜನ ದಾರಿ ಬಿಟ್ಟು ಸರಿದರು. ಸರಿಯುವಾಗ ನೂರು ಜೊತೆ ಬೂಟು, ಚಪ್ಪಲಿ ಕಲ್ಲಿನ ಮೇಲೆ ಟಕಟಕ ಅಂದವು. ಅವ್ವನಿಗೆ ತಿರುಗಲು ಗೋಡೆ ಸಿಗಲಿಲ್ಲ. ಮಗಳ ಬೆನ್ನ ಮೇಲೆ ಒದ್ದಾಡಿದಳು. “ಇಳಿಸೇ! ಇದು ಅವರ ಬಾಗಿಲು ಕಣೇ! ಕೊಲ್ತಾರೆ! ಇಳಿಸೇ, ನಿನ್ನ ಕೈ ಸೇದಿಹೋಗ!” ಮಡಚಿದ ಬೆರಳಿನ ಮುಷ್ಟಿಯಿಂದ ಮಗಳ ಹೆಗಲಿಗೆ, ತಲೆಗೆ, ಕಿವಿಗೆ ಗುದ್ದತೊಡಗಿದಳು. ಗುದ್ದಿ ಗುದ್ದಿ ಸುಸ್ತಾದಾಗ ಅಕ್ಕಪಕ್ಕದವರಿಗೆ ಕೈ ಮುಗಿದಳು. “ತಪ್ಪಾಯ್ತು ದಣಿ. ತಪ್ಪಾಯ್ತು. ಎಳೇದು, ತಿಳೀಲಿಲ್ಲ. ನಾಳೆ ಕೆಲಸಕ್ಕೆ ಬರ್ತಾಳೆ. ನಾನು ಕಳಿಸ್ತೀನಿ.”

ಬಕೆಟ್ಟಕ್ಕ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡಳು.

“ಬರಲ್ಲ,” ಅಂದಳು.

“ಬರ್ತಾಳೆ ದಣಿ! ಬರ್ತಾಳೆ!”

“ಬರಲ್ಲ ಅವ್ವಾ.”

ಹೀಗೇ ಮೆಟ್ಟಿಲಿಳಿದರು. ಅವ್ವ ಗುದ್ದುತ್ತ ಬರ್ತಾಳೆ ಅನ್ನುವುದು, ಮಗಳು ಏದುಸಿರು ಬಿಡುತ್ತ ಬರಲ್ಲ ಅನ್ನುವುದು. ಗೇಟು ದಾಟುವವರೆಗೂ ಅದೇ ನಡೆಯಿತು.